ಟೈಪಿಂಗ್ ಮಿಸ್ಸಿನ ವೆಬ್‌ಸೈಟು

“ಬಂತು ಕಣ್ಲಾ! ನನ್ ಫೋನ್ನಲ್ಲೂ ಬಂತು, ಕೆಳಗಡೆ ನೂಲಿನಂಗಡಿಯವರ ಫೋನ್ನಲ್ಲೂ ಬಂತು! ಎಲ್ಲಾ ಕಡೇಲೂ ಬತ್ತಾ ಅದೆ!”

ನಾನು ಯಳಂದೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಸಾಹೇಬರು ಮೀಟಿಂಗ್ ನಡೆಸುತ್ತಿದ್ದಾಗ ಬಂದ ಕರೆ ಅದು. ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರೂ ಆ ದನಿ ಮೇಜಿನ ಆ ತುದಿಯವರೆಗೂ ಕೇಳಿಸಿತು. ಸಾಹೇಬರು ಕನ್ನಡಕದ ಮೇಲಿಂದ ನೋಡಿ, “ಏನ್ರೀ ಬಂತು? ಟ್ರಾನ್ಸ್‌ಫರ್ ಆರ್ಡರ್ರಾ?” ಎಂದರು. “ಇಲ್ಲ ಸಾ, ನಮ್ಮ ಟೈಪಿಂಗ್ ಮಿಸ್ಸಿನ ವೆಬ್‌ಸೈಟು” ಎಂದೆ. ಅರವತ್ತು ದಾಟಿದ ಹೆಂಗಸು, ಆಯಸ್ಸೆಲ್ಲ ಟೈಪ್‌ರೈಟರ್ ಮುಂದೆ ಕಳೆದವರು, ತಾವೇ ಕೂತು ಕಟ್ಟಿದ ವೆಬ್‌ಸೈಟು! ಮೀಟಿಂಗ್ ಮುಗಿಯುವ ಮುಂಚೆ ಸಾಹೇಬರೂ ತಮ್ಮ ಫೋನಿನಲ್ಲಿ ಅದನ್ನು ತೆರೆದು ನೋಡಿದರು.

ಆ ಮಿಸ್ಸು ಹೋದ ತಿಂಗಳು ತೀರಿಕೊಂಡರು. ಸತ್ತವರ ಬಗ್ಗೆ ಬರೆಯುವಾಗ ದನಿ ತಗ್ಗಿಸಬೇಕು ಎನ್ನುತ್ತಾರೆ. ನನ್ನ ಕೈಲಾಗದು. ಅವರನ್ನು ನೆನೆದರೆ ಕಣ್ಣಲ್ಲಿ ನೀರು ಬರುವ ಮುಂಚೆ ಕಿವಿಗೆ ಆ ಕೂಗು ಬರುತ್ತದೆ, ಮೈಯೆಲ್ಲ ಜುಮ್ಮೆನ್ನುತ್ತದೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ನಡೆದರೆ ಒಂದು ರೇಷ್ಮೆ ನೂಲಿನ ಅಂಗಡಿ. ಅದರ ಮಗ್ಗುಲಲ್ಲಿ ಒಬ್ಬರೇ ಹತ್ತಬಹುದಾದ ಮೆಟ್ಟಿಲು. ಹತ್ತಿದರೆ ಮಿಸ್ಸಿನ ಟೈಪಿಂಗ್ ಇನ್‌ಸ್ಟಿಟ್ಯೂಟು. ಒಂಬತ್ತು ಮೆಷಿನ್ನು ಒಟ್ಟಿಗೆ ಓಡಿದರೆ ಕೆಳಗೆ ತಕ್ಕಡಿ ನಡುಗುತ್ತದೆ ಎಂದು ಅಂಗಡಿಯವರು ತಕರಾರು ತೆಗೆಯುತ್ತಿದ್ದರು. ಹನೂರಿನಿಂದ, ಮಾರ್ಟಳ್ಳಿಯಿಂದ, ಯಳಂದೂರಿನ ಕಡೆಯ ಹಳ್ಳಿಗಳಿಂದ ಬಸ್ಸಿಗೆ ಬಂದ ಹುಡುಗ ಹುಡುಗಿಯರು ಆ ಮೆಟ್ಟಿಲಲ್ಲಿ ಸಾಲು ನಿಂತಿರುತ್ತಿದ್ದೆವು. ನನ್ನ ಊರಿನವರಿಗೆ ಗೊತ್ತಿದ್ದ ಕೆಲಸಕ್ಕೆ ಸೇರುವ ದಾರಿ ಅದೊಂದೇ, ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸು ಮಾಡುವುದು.

ಮಿಸ್ಸು ಕಡ್ಡಿಯಂಥ ಮನುಷ್ಯೆ. ಗಂಜಿ ಹಾಕಿದ ನೂಲಿನ ಸೀರೆ, ಕೈಯಲ್ಲಿ ಮರದ ಸ್ಕೇಲು, ಕುತ್ತಿಗೆಗೆ ದಾರ ಕಟ್ಟಿ ತೂಗುಹಾಕಿದ ಸ್ಟಾಪ್‌ವಾಚು. ಕೀ ನೋಡಿ ಹೊಡೆದರೆ ಮುಗಿಯಿತು, ಒಂದು ಹಳೆಯ ಟವೆಲ್ಲು ತಂದು ನಮ್ಮ ಕೈಗಳ ಮೇಲೆ ಹೊದಿಸಿಬಿಡುತ್ತಿದ್ದರು. “ಕಣ್ಣು ಪೇಪರ್ ಮ್ಯಾಲಿರಲಿ. ಅದೇನ್ಲಾ ಕೋಳಿ ಕೆದಕ್ದಂಗೆ ಒಡೀತೀಯ?” ಹೊಗಳಿದ್ದನ್ನು ನಾನಂತೂ ಕೇಳಿಲ್ಲ. ತಪ್ಪಿಲ್ಲದೆ ಒಂದು ಪುಟ ಹೊಡೆದು ಕೊಟ್ಟರೆ, “ಉಂ, ಇನ್ನೊಂದು ಒಡಿ” ಎಂಬುದೇ ದೊಡ್ಡ ಮೆಚ್ಚುಗೆ.

ಅವರಿಗೆ ಮಕ್ಕಳಿರಲಿಲ್ಲ, ಮದುವೆಯ ಗೊಡವೆಗೇ ಹೋಗಿರಲಿಲ್ಲ. ಅಗರದಲ್ಲಿ ಅವರ ಅಕ್ಕ ಇದ್ದರು, ಬೇಸಾಯದ ಮನೆ. ಆ ಅಕ್ಕನ ಒಬ್ಬಳೇ ಮಗಳನ್ನು ಮಿಸ್ಸು ತಮ್ಮ ಮಗಳೆಂದೇ ಎತ್ತಿ ಆಡಿಸಿದ್ದರು. ನಾನು ಟೈಪಿಂಗಿಗೆ ಸೇರಿದ ವರ್ಷ ಆ ಹುಡುಗಿ ಹೆರಿಗೆಗೆಂದು ಕೊಳ್ಳೇಗಾಲದ ಆಸ್ಪತ್ರೆ ಸೇರಿದಳು. ರಕ್ತ ನಿಲ್ಲಲಿಲ್ಲ. ಅವಳದು ಓ ನೆಗೆಟಿವ್. ಇಟ್ಟಿದ್ದ ರಕ್ತವೆಲ್ಲ ಮುಗಿದಿತ್ತು, ಆ ಗುಂಪಿನವರು ಊರಿನಲ್ಲಿ ಯಾರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಯವರು ದಿಕ್ಕುದಿಕ್ಕಿಗೆ ಓಡಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದುಹೋಯಿತು.

ತಿಂಗಳ ಮೇಲೆ ಮಿಸ್ಸು ನಮ್ಮೆಲ್ಲರಿಗೂ ಒಂದು ಆಜ್ಞೆ ಹೊರಡಿಸಿದರು. ಪ್ರತಿಯೊಬ್ಬರೂ ರಕ್ತ ಪರೀಕ್ಷೆ ಮಾಡಿಸಿ ಚೀಟಿ ತರಬೇಕು, ತರದವರಿಗೆ ಮೆಷಿನ್ ಇಲ್ಲ. ಅಡ್ಮಿಷನ್ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಹೊಸ ಗೆರೆ ಎಳೆದು ‘ರಕ್ತದ ಗುಂಪು’ ಎಂದು ಬರೆದಿದ್ದರು. ನಾನೂ ಚೀಟಿ ಕೊಟ್ಟೆ. ಅದನ್ನು ಮಿಸ್ಸು ಎರಡು ಸಲ ಓದಿದರು. ಆಮೇಲೆ ಹಾಜರಿ ಪುಸ್ತಕ ತೆಗೆದು ಹಿಂದಿನ ತಿಂಗಳಿಗೆ ತಿರುವಿದರು. ಆ ಹುಡುಗಿ ಸತ್ತ ದಿನ ಬೆಳಿಗ್ಗೆ ನಾನು ಹಾಜರಿದ್ದೆ, ಮೂರನೇ ಮೆಷಿನ್ನು. ಮಿಸ್ಸು ಬೀಗದ ಕೈ ಬೇರೆಯವರಿಗೆ ಕೊಟ್ಟು ಆಸ್ಪತ್ರೆಗೆ ಹೋಗಿದ್ದರು. ಕಾಲ್ನಡಿಗೆಯಲ್ಲಿ ಹತ್ತು ನಿಮಿಷದ ದಾರಿ. ನಾನು ಓ ನೆಗೆಟಿವ್ ರಕ್ತವನ್ನು ಮೈತುಂಬ ಇಟ್ಟುಕೊಂಡು ಎ ಎಸ್ ಡಿ ಎಫ್ ಎಂದು ಮೊದಲ ಪಾಠ ಕುಟ್ಟುತ್ತಾ ಕೂತಿದ್ದೆ.

“ನಿಂಗೊತ್ತಿರ್ನಿಲ್ಲ, ನಂಗೂ ಗೊತ್ತಿರ್ನಿಲ್ಲ. ಓಗು, ಕೂತ್ಕೊ, ಒಡಿ” ಎಂದರು ಮಿಸ್ಸು. ಅಷ್ಟೇ. ಅಗರದ ಅಕ್ಕನಿಗೂ ಅವರೇ ಹೇಳಿದರಂತೆ. ಮುಂದೊಂದು ದಿನ ಆ ತಾಯಿ ಇನ್‌ಸ್ಟಿಟ್ಯೂಟಿಗೆ ಬಂದವರು ನನ್ನನ್ನು ಬಹಳ ಹೊತ್ತು ನೋಡಿದರು. ನನಗೆ ತಲೆ ಎತ್ತಲಾಗಲಿಲ್ಲ.

ಅಲ್ಲಿಂದಾಚೆಗೆ ಮಿಸ್ಸಿಗೆ ಇದ್ದ ಹಟ ಒಂದೇ. ನಮ್ಮ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬ ಹೆಂಗಸು, ರಕ್ತ ಕೊಡುವವರ ಹೆಸರು ಗೊತ್ತಿಲ್ಲದ್ದಕ್ಕೆ ಸಾಯಬಾರದು. ವರ್ಷ ವರ್ಷ ಬಂದು ಹೋಗುವ ಹುಡುಗರ ಹೆಸರು, ಊರು, ಗುಂಪು ಎಲ್ಲವನ್ನೂ ಕಾರ್ಬನ್ ಇಟ್ಟು ಹೊಡೆದು, ಗೋಡೆ ಸಿಕ್ಕ ಕಡೆಯೆಲ್ಲ ಅಂಟಿಸುತ್ತಿದ್ದರು. ಮಳೆ ಬಂದರೆ ಹರಿದುಹೋಗುವುದು, ಇಲ್ಲವೇ ಅದರ ಮೇಲೆ ಸಿನಿಮಾ ಪೋಸ್ಟರು ಬೀಳುವುದು. ಮತ್ತೆ ಹೊಡೆಯುವುದು.

ಮೆಷಿನ್ನಿಗೆ ಬರುವವರು ಕಡಿಮೆಯಾದ ಮೇಲೆ ಎರಡು ಕಂಪ್ಯೂಟರು ಬಂದವು. ಒಂದು ಶನಿವಾರ ನಾನು ದೊಡ್ಡ ಜಾಣನ ಹಾಗೆ, “ಮಿಸ್, ಗೋಡೆ ಯಾಕೆ? ವೆಬ್‌ಸೈಟ್ ಮಾಡಿ. ಅದಕ್ಕೆ ಬಿಟ್ಟಿ ಸಾಫ್ಟ್‌ವೇರ್ ಇದೆ” ಎಂದೆ.

“ಬಿಟ್ಟಿ ಅಂದ್ರೆ ಯಾಕ್ಲಾ ಬಿಟ್ಟಿ? ಯಾರವ್ನು ಕೊಡೋನು?”

“ಪ್ರಪಂಚದ ಜನ ಎಲ್ಲ ಸೇರಿ ಬರೆದಿದ್ದಾರೆ ಮಿಸ್. ಯಾರು ಬೇಕಾದರೂ ತಗೊಂಡು ತಮ್ಮ ಸೈಟು ಕಟ್ಟಬಹುದು.”

“ಯಾರೋ ಎಲ್ಲೋ ಕೂತ್ಕಂಡು ನಮ್ಗೋಸ್ಕರ ಬರದವ್ರಾ?” ಮಿಸ್ಸು ನಂಬಲಿಲ್ಲ. ನಂಬಿದ ಮೇಲೆ, ದೇವರೇ, ಹಿಡಿಯುವವರಿಲ್ಲ! ಡ್ಯಾಶ್‌ಬೋರ್ಡು, ಥೀಮು, ಪೇಜು, ಪೋಸ್ಟು, ಪ್ಲಗಿನ್ನು, ಒಂದೊಂದನ್ನೂ ಶಾರ್ಟ್‌ಹ್ಯಾಂಡ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದರು. ಥೀಮು, ಅಂದರೆ ಸೈಟು ತೊಡುವ ವೇಷ, ಆರಿಸುವುದಕ್ಕೆ ಮೂರು ದಿನ. ಒಂದರಲ್ಲಿ ಹಿಮದ ಬೆಟ್ಟ, ಇನ್ನೊಂದರಲ್ಲಿ ಲೋಟ ಹಿಡಿದು ನಗುವ ಬಿಳಿ ಹುಡುಗಿ. “ಇವಳ್ಯಾರ್ಲಾ? ಇವಳ ರಕ್ತ ಯಾವ್ದು?” ಎಂದು ಕೇಳಿ ಅದನ್ನು ತೆಗೆಸಿದರು. ಕೊನೆಗೆ ಉಳಿದದ್ದು ಬಿಳಿ ಹಾಳೆ, ಕಪ್ಪು ಅಕ್ಷರ, ಮೇಲೊಂದು ಕೆಂಪು ಗೆರೆ. ರಿಜಿಸ್ಟರಿನಲ್ಲಿ ಎಳೆದಿದ್ದ ಅದೇ ಕೆಂಪು.

ಆ ಸಾಫ್ಟ್‌ವೇರ್ ಹಾಕಿಕೊಂಡ ಕೂಡಲೇ ಮಾದರಿಗೆಂದು ಒಂದು ಪೋಸ್ಟು, ಅದರ ಕೆಳಗೆ ಒಂದು ಕಾಮೆಂಟು ತಾನಾಗಿಯೇ ಬಂದು ಕೂತಿರುತ್ತದೆ. ಯಾವನೋ ನಿಮಗೆ ನಮಸ್ಕಾರ ಹೇಳಿದ ಹಾಗೆ ಇರುತ್ತದೆ, ಬರೆದವನು ಮನುಷ್ಯನೇ ಅಲ್ಲ. ಮಿಸ್ಸಿಗೆ ಅದು ಗೊತ್ತಿಲ್ಲ. ಪತ್ರಕ್ಕೆ ಉತ್ತರ ಬರೆಯದೆ ಇರುವುದು ಅವರ ಜಾಯಮಾನವೂ ಅಲ್ಲ. “ಮಾನ್ಯರೇ, ತಮ್ಮ ಪತ್ರ ತಲುಪಿತು. ತಮ್ಮ ಆಸಕ್ತಿಗೆ ವಂದನೆಗಳು. ತಮ್ಮ ಊರು ಹಾಗೂ ರಕ್ತದ ಗುಂಪನ್ನು ದಯಮಾಡಿ ತಿಳಿಸುವುದು” ಎಂದು ವಿಷಯ, ಉಲ್ಲೇಖ ಎಲ್ಲ ಹಾಕಿ ಉತ್ತರ ಕೊಟ್ಟಿದ್ದರು. ಎರಡು ದಿನ ಕಾದು, ಜವಾಬು ಬರಲಿಲ್ಲವೆಂದು ಜ್ಞಾಪನಾ ಪತ್ರವನ್ನೂ ಕಳಿಸಿದ್ದರು! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸ್ಕೇಲು ಬೆನ್ನಿಗೆ ಬಿತ್ತು.

ಫೋನ್ ನಂಬರು ಮಾತ್ರ ಯಾರದನ್ನೂ ಹಾಕಲು ಬಿಡಲಿಲ್ಲ. “ಎಣ್ಮಕ್ಳ ನಂಬರ್ ಎಲ್ಲಾರೂ ನೋಡೋ ಜಾಗದಲ್ಲಿ ಆಕ್ತಾರೇನ್ಲಾ?” ಪ್ರತಿಯೊಬ್ಬರಿಗೂ ತಾವೇ ಫೋನ್ ಮಾಡಿ, ಹೆಸರು ಹಾಕಲು ಒಪ್ಪಿಗೆ ಕೇಳಿದರು. ಸೈಟಿನಲ್ಲಿ ಇದ್ದದ್ದು ಇನ್‌ಸ್ಟಿಟ್ಯೂಟಿನ ಮೊಬೈಲ್ ನಂಬರೊಂದೇ. ರಕ್ತ ಬೇಕಾದವರು ಅದಕ್ಕೆ ಮಾಡಬೇಕು, ಮಿಸ್ಸು ಕೊಡುವವರನ್ನು ಹುಡುಕಿ ಕಳಿಸಬೇಕು. ಮಾರ್ಟಳ್ಳಿಯ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕೂರಿಸಿಕೊಂಡು ತಮಿಳಿನಲ್ಲೂ ಒಂದು ಪೇಜು ಮಾಡಿದರು. ತಮಿಳು ಮಾತಾಡುವ ಆ ಕಡೆಯ ಅಜ್ಜಿಯರಿಗೂ ಓದಲು ಬರಲಿ ಎಂದು.

ಮೀಟಿಂಗಿನಲ್ಲಿ ನನಗೆ ಕರೆ ಬಂದದ್ದು ಆಗಲೇ. ಎಷ್ಟು ಸಂಭ್ರಮ ಅಂತೀರಿ! ನೂಲಿನಂಗಡಿಯವರು ಎಲ್ಲರಿಗೂ ಕಾಫಿ ತರಿಸಿದರು. ಕಂಪ್ಯೂಟರಿನ ಪರದೆಯ ಮೇಲೆ ಪಟ್ಟಿ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಹೆಸರು, ಊರು, ಗುಂಪು ಮೂರೂ ಮೂರು ಸಾಲುಮರಗಳಂತೆ ನೆಟ್ಟಗೆ ನಿಂತಿದ್ದವು. ಅಲ್ಲೇ ಇತ್ತು ಎಡವಟ್ಟು.

ಟೈಪ್‌ರೈಟರಿನಲ್ಲಿ ಪಟ್ಟಿ ಹೊಡೆಯುವುದು ಹೇಗೆ? ಅಕ್ಷರ ಎಣಿಸಿ, ಇಷ್ಟು ಜಾಗ ಬಿಡಬೇಕೆಂದು ಸ್ಪೇಸ್ ಕುಟ್ಟುವುದು. ಸಾಲಿನ ಕೊನೆಗೆ ಬೆಲ್ಲು ಹೊಡೆದುಕೊಂಡ ಕೂಡಲೇ ಎಡಗೈಯಿಂದ ಲಿವರು ತಳ್ಳಿ ಮುಂದಿನ ಸಾಲಿಗೆ ಹೋಗುವುದು. ಮಿಸ್ಸು ವೆಬ್‌ಸೈಟಿನಲ್ಲೂ ಹಾಗೆಯೇ ಮಾಡಿದ್ದರು. ಸ್ಪೇಸು, ಸ್ಪೇಸು, ಸ್ಪೇಸು, ಎಂಟರು. ಕಂಪ್ಯೂಟರಿನ ಅಗಲದ ಪರದೆಯಲ್ಲಿ ಸರಿಯಾಗಿತ್ತು. ಸಣ್ಣ ಫೋನಿನಲ್ಲಿ ಸಾಲು ಹಿಡಿಸದೆ ಮುರಿದು, ಕೊನೆಯಲ್ಲಿದ್ದ ಗುಂಪು ಕೆಳಕ್ಕೆ ಇಳಿದು, ಮುಂದಿನವನ ಹೆಸರಿನ ತಲೆಯ ಮೇಲೆ ಹೆಡಿಂಗಿನಂತೆ ಕೂತುಬಿಡುತ್ತಿತ್ತು. ಮೊದಲ ದಿನದ ಗದ್ದಲದಲ್ಲಿ ನಾವು ಯಾರೂ ಅದನ್ನು ಕೂತು ಓದಲಿಲ್ಲ. ನಾನೂ ಓದಲಿಲ್ಲ.

ಮೂರನೇ ವಾರದಲ್ಲೇ ಅದರ ಪೆಟ್ಟು ಬಿತ್ತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿದ್ದ ಮಾರ್ಟಳ್ಳಿಯ ಕಡೆಯ ಬಾಣಂತಿಯೊಬ್ಬಳಿಗೆ ಎ ನೆಗೆಟಿವ್ ಬೇಕಾಯಿತು. ಅವಳ ಗಂಡ ತನ್ನ ಫೋನಿನಲ್ಲಿ ಸೈಟು ತೆರೆದ. ಎ ನೆಗೆಟಿವ್ ಎಂಬುದರ ಕೆಳಗೇ ‘ಮಾದೇಶ, ಹನೂರು’ ಎಂದು ಕಂಡಿತು. ಹನೂರಿನಲ್ಲಿ ಮಾದೇಶನ ಪಂಚರ್ ಅಂಗಡಿ ಅವನಿಗೆ ಗೊತ್ತಿದ್ದದ್ದೇ. ಇನ್‌ಸ್ಟಿಟ್ಯೂಟಿಗೆ ಫೋನ್ ಕೂಡ ಮಾಡದೆ ಬೈಕ್ ಹತ್ತಿ ಕೊಳ್ಳೇಗಾಲದಿಂದ ಹನೂರಿಗೆ ಓಡಿದ. ಮಾದೇಶ ಬಿಚ್ಚಿದ ಟೈರನ್ನು ಹಾಗೇ ಬಿಟ್ಟು ಬಂದ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರೆ ಬಿ ಪಾಸಿಟಿವ್!

ಮಿಸ್ಸಿಗೆ ಸುದ್ದಿ ಮುಟ್ಟಿದಾಗ ಒಂದೂವರೆ ಗಂಟೆ ಕಳೆದಿತ್ತು. ಹಳೆಯ ರಿಜಿಸ್ಟರು ಬಿಚ್ಚಿ ನೋಡಿದರು. ಎ ನೆಗೆಟಿವ್ ಇದ್ದದ್ದು ಪಟ್ಟಿಯಲ್ಲಿ ಮಾದೇಶನ ಮೇಲಿನ ಹೆಸರಿಗೆ, ಯಳಂದೂರಿನ ಒಬ್ಬ ಅಂಗನವಾಡಿ ಟೀಚರಿಗೆ. ನನಗೆ ಫೋನ್ ಬಂತು. “ಓಡ್ಲಾ, ಓಡು, ಕರ್ಕಂಡು ಬಾ. ನನ್ ಕೈಯ್ಯಾರೆ ಕೊಂದ್ಬುಟ್ಟೆ ಕಣ್ಲಾ ನಾನು.” ಟೀಚರಮ್ಮ ಮಕ್ಕಳನ್ನು ಆಯಾಗೆ ಒಪ್ಪಿಸಿ ನನ್ನ ಸ್ಕೂಟರ್ ಹತ್ತಿದರು. ಆ ರಸ್ತೆಯಲ್ಲಿ ಅಷ್ಟು ಜೋರಾಗಿ ನಾನು ಎಂದೂ ಓಡಿಸಿಲ್ಲ. ಸಂಜೆ ಹೊತ್ತಿಗೆ ಡಾಕ್ಟರು ಭಯವಿಲ್ಲ ಎಂದರು. ಬಾಣಂತಿ ಉಳಿದಳು.

ಮಾದೇಶ ಮಿಸ್ಸಿನ ಮುಂದೆ ನಿಂತು, “ಓಗ್ಲಿ ಬುಡಿ ಮಿಸ್, ನಂಗೇನಾಗ್ಬೇಕು, ಒಂದ್ ಪಂಚರ್ ಓಯ್ತು” ಎಂದ. ಮಿಸ್ಸು ಅವನ ಎರಡೂ ಕೈ ಹಿಡಿದುಕೊಂಡು ಅತ್ತರು.

ಮಾರನೆಯ ಬೆಳಿಗ್ಗೆ ಸೈಟು ತೆರೆದು, ಪಟ್ಟಿಯನ್ನು ಪೂರ್ತಿ ಅಳಿಸಿ ಹಾಕಿದರು. “ಇದ್ಕೆ ಬೇರೆ ದಾರಿ ಇರ್ಲೇಬೇಕು. ಅಷ್ಟು ಜನ ಸೇರಿ ಬರದವ್ರೆ, ಇಷ್ಟು ಗೊತ್ತಾಗ್ದೆ ಇದ್ದದಾ?” ಇತ್ತು! ಒಬ್ಬೊಬ್ಬರಿಗೂ ಒಂದೊಂದು ಪೋಸ್ಟು. ಗುಂಪು ಕೆಟಗರಿ, ಊರು ಟ್ಯಾಗು. ಕೆಟಗರಿ ಮುಟ್ಟಿದರೆ ಆ ಗುಂಪಿನವರಷ್ಟೇ ಕಾಣುತ್ತಾರೆ, ಊರು ಮುಟ್ಟಿದರೆ ಆ ಊರಿನವರಷ್ಟೇ. ಫೋನು ಎಷ್ಟೇ ಸಣ್ಣದಿರಲಿ, ಒಬ್ಬರ ಗುಂಪು ಇನ್ನೊಬ್ಬರ ತಲೆಗೆ ಅಂಟುವುದಿಲ್ಲ. ಇದನ್ನು ಕಂಡುಹಿಡಿದ ದಿನ ಮಿಸ್ಸು ಕುರ್ಚಿಯಿಂದ ಎದ್ದು ಒಂದು ಸುತ್ತು ತಿರುಗಿಬಿಟ್ಟರು. ಬೆರಳಿನಿಂದ ಮುಟ್ಟುವುದು, ಗುಂಪು ಬಿಚ್ಚಿಕೊಳ್ಳುವುದು, ವಾಪಸ್ ಬರುವುದು, ಮತ್ತೆ ಮುಟ್ಟುವುದು. “ನೋಡ್ಲಾ! ನೋಡ್ಲಾ ಇದ್ನ!” ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ. ನಾಲ್ಕು ನೂರು ಚಿಲ್ಲರೆ ಹೆಸರನ್ನು ಒಂದೊಂದಾಗಿ ಕೂತು ಹೊಡೆದವರು ಅವರೇ. ಯಾರಾದರೂ ರಕ್ತ ಕೊಟ್ಟರೆ ಅವರ ಪೋಸ್ಟಿನಲ್ಲಿ ತಾರೀಖು ಬೀಳುತ್ತಿತ್ತು, ಮೂರು ತಿಂಗಳು ಅವರಿಗೆ ರಜಾ.

ಆದರೂ ಅವರಿಗೆ ನಂಬಿಕೆ ಸಾಲದು. ಸ್ಟಾಪ್‌ವಾಚು ಕುತ್ತಿಗೆಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟರು. ಹನೂರಿನ ಬಸ್ಸಿಗೆ ಕಾಯುತ್ತಿದ್ದವರ ಮುಂದೆ ನಿಂತು, “ನಿಮ್ ಫೋನ್ ತಗೀರಿ. ಈ ಸೈಟ್ನಲ್ಲಿ ಯಳಂದೂರ್ನಾಗಿರೋ ಬಿ ನೆಗೆಟಿವ್ ಉಡುಕಿ. ರೆಡಿ, ಸ್ಟಾರ್ಟ್!” ರೈತರು, ಹೂ ಮಾರುವವರು, ಕಾಲೇಜು ಹುಡುಗಿಯರು, ಒಬ್ಬ ಕಂಡಕ್ಟರು, ಯಾರನ್ನೂ ಬಿಡಲಿಲ್ಲ. ನಿಮಿಷದೊಳಗೆ ಸಿಗದಿದ್ದರೆ ತಪ್ಪು ಅವರದಲ್ಲ, ಸೈಟಿನದು. ಮೇಲೆ ಬಂದು ಮತ್ತೆ ತಿದ್ದುವುದು, ಮಾರನೆಯ ದಿನ ಮತ್ತೆ ಪರೀಕ್ಷೆ. ಎಲೆಯಡಿಕೆ ಹಾಕಿಕೊಂಡಿದ್ದ ಮುದುಕಿಯೊಬ್ಬರು ಮೊಮ್ಮಗಳ ಫೋನಿನಲ್ಲಿ ಇಪ್ಪತ್ತೆರಡು ಸೆಕೆಂಡಿಗೆ ಹುಡುಕಿಬಿಟ್ಟಾಗ ಮಿಸ್ಸು, “ಫಸ್ಟ್ ಕ್ಲಾಸ್!” ಎಂದು ಕೂಗಿದರು. ನನಗಂತೂ ಅವರು ಸೆಕೆಂಡ್ ಕ್ಲಾಸೂ ಕೊಟ್ಟವರಲ್ಲ!

ಆಮೇಲಿನ ವರ್ಷಗಳಲ್ಲಿ ಎಷ್ಟು ಕರೆ ಬಂದವೋ. ಮಿಸ್ಸು ಎತ್ತಿದ ಕೂಡಲೇ ಕೇಳುತ್ತಿದ್ದದ್ದು “ಯಾವ ಗುಂಪು, ಯಾವ ಆಸ್ಪತ್ರೆ” ಎರಡೇ. ಆ ಸಲ ಬಿಟ್ಟರೆ ಪಟ್ಟಿ ಒಮ್ಮೆಯೂ ಕೈಕೊಡಲಿಲ್ಲ. ನಾನೇ ಆರು ಸಲ ಕೊಟ್ಟಿದ್ದೇನೆ.

ಕೊನೆಯ ದಿನಗಳಲ್ಲಿ ಜ್ವರ ಹಿಡಿದು ಅಗರಕ್ಕೆ, ಅಕ್ಕನ ಮನೆಗೆ ಹೋದರು. ಹೋಗುವ ಮುಂಚೆ ಇನ್‌ಸ್ಟಿಟ್ಯೂಟಿನ ಮೊಬೈಲನ್ನೂ ಪಾಸ್‌ವರ್ಡನ್ನೂ ನನಗೆ ಕೊಟ್ಟು, “ವಾಸಿಯಾಗಿ ಬಂದ್ಮೇಲೆ ಇಸ್ಕತೀನಿ. ಫೋನ್ ಆಫ್ ಮಾಡಿದ್ಯೋ ಉಷಾರ್” ಎಂದರು. ವಾಸಿಯಾಗಲಿಲ್ಲ.

ಅಗರದ ಹೊಲದಲ್ಲಿ, ಅಕ್ಕನ ಮಗಳನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲೇ ಗುಂಡಿ ತೆಗೆದಿದ್ದರು. ಮೂರು ತಾಲ್ಲೂಕಿನಿಂದ ಬಂದ ಟೈಪಿಂಗ್ ಹುಡುಗರು, ತಲೆ ನರೆತ ಹುಡುಗರು, ಬದುವಿನ ಉದ್ದಕ್ಕೂ ನಿಂತಿದ್ದೆವು. ಮಿಸ್ಸನ್ನು ಒಳಗೆ ಕೂರಿಸಿ ವಿಭೂತಿ, ಪತ್ರೆ ಹಾಕುತ್ತಿದ್ದರು. ಇನ್ನು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುವುದಷ್ಟೇ ಬಾಕಿ. ನನ್ನ ಜೇಬಿನಲ್ಲಿ ಆ ಮೊಬೈಲು ಬಡಿದುಕೊಂಡಿತು.

ಕೊಳ್ಳೇಗಾಲದ ಆಸ್ಪತ್ರೆಯಿಂದ, ಒಬ್ಬ ಗಂಡಸು. ಹೆಂಡತಿಗೆ ಹೆರಿಗೆ, ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್. ಸೈಟು ತೆರೆದು ಕೆಟಗರಿ ಮುಟ್ಟಿದೆ. ಮೂರು ಹೆಸರು. ಒಬ್ಬರು ಹದಿನೈದು ದಿನದ ಹಿಂದಷ್ಟೇ ಕೊಟ್ಟಿದ್ದರು. ಇನ್ನೊಬ್ಬಳು ಈಗ ತಾನೇ ಬಸುರಿ. ಮೂರನೆಯದು ನನ್ನದು.

ನನಗೆ ಏನನ್ನಿಸಿತೋ ಹೇಳಿಯೇ ಬಿಡುತ್ತೇನೆ. ಹೋಗಲು ಮನಸ್ಸಾಗಲಿಲ್ಲ. ಒಂದು ಹಿಡಿ ಮಣ್ಣು ಹಾಕಿ ಹೋಗೋಣ, ಐದು ನಿಮಿಷ ತಾನೇ ಎಂದು ಸಾಲಿನಲ್ಲಿ ಮುಂದೆ ನುಗ್ಗಿದೆ. ಗುಂಡಿಯ ಅಂಚಿನಲ್ಲಿ ಕೂತಿದ್ದ ಅಕ್ಕ ನನ್ನ ಕೈಯಲ್ಲಿದ್ದ ಫೋನು ನೋಡಿದರು.

“ಯಾರಿಗೆ ಮಗ?”

“ಹೆರಿಗೆ ಅವ್ವಾ. ಓ ನೆಗೆಟಿವ್. ಒಂದು ಹಿಡಿ ಹಾಕಿ ಹೊರಟೆ.”

ಆ ತಾಯಿ ನನ್ನ ರಟ್ಟೆ ಹಿಡಿದು ಹಿಂದಕ್ಕೆ ತಳ್ಳಿದರು. “ನನ್ ಮಗಳ ಟೇಮ್ನಾಗೆ ನೀ ಮೆಷಿನ್ ಮುಂದೆ ಕೂತಿದ್ದೆ. ಇವತ್ತು ಗುಂಡಿ ಮುಂದೆ ನಿಂತ್ಕಬ್ಯಾಡ. ನಿನ್ ಪಾಲಿನ ಮಣ್ಣ ನಾನಾಕ್ತೀನಿ, ಓಗು.”

ಬದುವಿನ ಮೇಲೆ ಓಡಿದೆ. ಯಾರೋ ಸ್ಕೂಟರನ್ನು ಆಗಲೇ ರಸ್ತೆಗೆ ತಿರುಗಿಸಿ ನಿಲ್ಲಿಸಿದ್ದರು. ಕೊಳ್ಳೇಗಾಲ ಮುಟ್ಟಿದ್ದು, ಚುಚ್ಚಿದ್ದು, ಚೀಲ ತುಂಬಿದ್ದು, ಕಾರಿಡಾರಿನ ಬೆಂಚಿನಲ್ಲಿ ಆ ಗಂಡನ ಪಕ್ಕ ಕೂತದ್ದು. ಅವನ ಹೆಸರನ್ನೂ ನಾನು ಕೇಳಲಿಲ್ಲ. ಎರಡು ಗಂಟೆಯ ಮೇಲೆ ನರ್ಸಮ್ಮ ಬಾಗಿಲು ತೆರೆದು, “ರಕ್ತ ನಿಂತಿದೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಇನ್ನೇನೂ ಯೋಚನೆ ಬೇಡ” ಎಂದರು. ಆ ಗಂಡಸು ಕೂತಲ್ಲೇ ಮುಖ ಮುಚ್ಚಿಕೊಂಡ.

ನಾನು ಅಂಗಳಕ್ಕೆ ಬಂದು ಅಗರಕ್ಕೆ ಫೋನ್ ಮಾಡಿದೆ. ಅಕ್ಕನ ಕೈಗೆ ಕೊಟ್ಟರು.

“ಏನಾಯ್ತು ಮಗ?”

“ಉಳಿದಳು ಅವ್ವಾ. ತಾಯಿ, ಮಗು ಇಬ್ಬರೂ.”

ಫೋನಿನಲ್ಲಿ, ಜನರೆಲ್ಲ ಹೊರಟುಹೋದ ಹೊಲದ ಗಾಳಿ ಕೇಳಿಸುತ್ತಿತ್ತು.

“ಎಲ್ಲಾರೂ ಆಕಿ ಮುಚ್ಚುದ್ರು ಕನಪ್ಪಾ. ನಿನ್ ಪಾಲಿಂದು ಇನ್ನೂ ಕೈಲೇ ಇಟ್ಕಂಡ್ ಕೂತಿವ್ನಿ” ಎಂದರು ಅಕ್ಕ. “ಇರು, ಈಗಾಕ್ತೀನಿ.”